ತಲೆಗಿಷ್ಟು ಬರುವ ಹಣ, ತಂಡಕ್ಕಿಷ್ಟು ಹೋಗುವ ಖರ್ಚು

ಸಂಪಾದಕರಿಗೆ,

ಮಾನ್ಯರೇ,

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳ ಸಣ್ಣ ಪದವಿ ಕಾಲೇಜುಗಳಿಂದ ಅಂತರ ಕಾಲೇಜು ಅಥ್ಲೆಟಿಕ್ಸ್ ಕೂಟಕ್ಕೆ ಬರುವ ತಂಡಗಳು ಸೊರಗುತ್ತಿವೆ. ‘ಈಗಿನ ಹುಡುಗರಿಗೆ ಆಟದಲ್ಲಿ ಆಸಕ್ತಿ ಇಲ್ಲ, ಮೊಬೈಲ್ ಹಿಡಿದು ಕೂರುತ್ತಾರೆ’ ಎಂಬ ಮಾತನ್ನು ಸಭೆಗಳಲ್ಲಿ ಬಹಳ ಸಲೀಸಾಗಿ ಆಡಿಬಿಡುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಓಡುವ ಕಾಲು, ಎಸೆಯುವ ತೋಳು ಇಂದಿಗೂ ಇವೆ. ಕೊರತೆ ಇರುವುದು ಕಾಲೇಜಿನ ಕ್ರೀಡಾ ಖಾತೆಯಲ್ಲಿ. ಆ ಕೊರತೆಗೆ ಕಾರಣ ಯಾರದೋ ಉದಾಸೀನವಷ್ಟೇ ಅಲ್ಲ, ಹಣ ಬರುವ ರೀತಿಗೂ ಖರ್ಚಾಗುವ ರೀತಿಗೂ ತಾಳೆಯಾಗದಿರುವುದು. ಇದನ್ನು ಅಂಕಿಗಳಲ್ಲೇ ಹೇಳಬೇಕಾಗಿದೆ.

ಪ್ರವೇಶದ ಹೊತ್ತಿಗೆ ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ಪಡೆಯಲಾಗುತ್ತದೆ. ಅದರಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಒಂದು ಪಾಲು ಕಾಲೇಜಿನಲ್ಲಿ ಉಳಿಯುತ್ತದೆ. ಅಂದರೆ ವರಮಾನ ತಲೆ ಎಣಿಕೆಯದು. ಖರ್ಚು ಹಾಗಲ್ಲ, ಅದು ತಂಡದ ಲೆಕ್ಕ, ಕೂಟದ ಲೆಕ್ಕ. ಒಂದು ಉದಾಹರಣೆಯ ಲೆಕ್ಕ ಹಾಕೋಣ. ಈ ದರಗಳು ಯಾವ ಕಾಲೇಜಿನವೂ ಅಲ್ಲ, ವಿಷಯ ತಿಳಿಯಲೆಂದು ಹಿಡಿದವು. 250 ವಿದ್ಯಾರ್ಥಿಗಳ ಒಂದು ಕಾಲೇಜು, ತಲೆಗೆ 100 ರೂಪಾಯಿ ಕಾಲೇಜಿನ ಕೈಯಲ್ಲಿ ಉಳಿಯುತ್ತದೆ ಎನ್ನೋಣ. ವರ್ಷದ ಕ್ರೀಡಾ ಹಣ 25,000 ರೂಪಾಯಿ. ಈ ಕಾಲೇಜು ಪಾವಗಡದಲ್ಲಿದೆ, ಕೂಟ ತುಮಕೂರಿನಲ್ಲಿ, ನೂರು ಕಿಲೋಮೀಟರ್ ದೂರ, ಎರಡು ದಿನ. ಹನ್ನೆರಡು ಹುಡುಗರು, ಜೊತೆಗೊಬ್ಬ ಅಧ್ಯಾಪಕರು. ಹೋಗಿಬರುವ ಬಸ್ ಚಾರ್ಜು ತಲೆಗೆ 300 ಎಂದರೆ 3,900. ಊಟ ತಿಂಡಿಗೆ ದಿನಕ್ಕೆ 250ರಂತೆ ಎರಡು ದಿನಕ್ಕೆ 6,500. ಬನಿಯನ್, ಚಡ್ಡಿ ಒಂದು ಜೊತೆಗೆ 500ರಂತೆ ಹನ್ನೆರಡು ಜನಕ್ಕೆ 6,000. ಹುಡುಗರ ತಂಡಕ್ಕೇ 16,400 ಆಯಿತು. ಹುಡುಗಿಯರ ತಂಡಕ್ಕೂ ಹನ್ನೆರಡು ಜನ, ಜೊತೆಗೊಬ್ಬ ಅಧ್ಯಾಪಕಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ, ಇದು ನಿಜಕ್ಕೂ ದೊಡ್ಡ ಆಸರೆ. ಆದರೂ ಊಟಕ್ಕೆ 6,500, ಬಟ್ಟೆಗೆ 6,000 ಸೇರಿ 12,500. ಎರಡೂ ತಂಡಕ್ಕೆ ಒಟ್ಟು 28,900. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಹೆಸರು ಎತ್ತುವ ಮೊದಲೇ, ಒಂದೇ ಒಂದು ಗುಂಡು ಅಥವಾ ಚೆಂಡು ಕೊಳ್ಳುವ ಮೊದಲೇ ಖಾತೆಯಲ್ಲಿ 3,900 ರೂಪಾಯಿ ಕೊರತೆ.

ಈಗ 2,500 ವಿದ್ಯಾರ್ಥಿಗಳ ಕಾಲೇಜನ್ನು ನೋಡಿ. ವರಮಾನ ಎರಡೂವರೆ ಲಕ್ಷ. ತಂಡ ಮಾತ್ರ ಅಷ್ಟೇ, ಹನ್ನೆರಡು ಮತ್ತು ಹನ್ನೆರಡು. ಅದೇ 28,900 ರೂಪಾಯಿ ಅವರ ವರಮಾನದಲ್ಲಿ ನೂರಕ್ಕೆ ಹನ್ನೆರಡು ಪಾಲೂ ಆಗುವುದಿಲ್ಲ. ಆ ಕಾಲೇಜು ತುಮಕೂರು ನಗರದಲ್ಲೇ ಇದ್ದರೆ ಬಸ್ ಚಾರ್ಜೂ ಉಳಿಯಿತು, ರಾತ್ರಿ ತಂಗುವ ಚಿಂತೆಯೂ ತಪ್ಪಿತು. ದೂರದ, ಬಡ, ಸಣ್ಣ ಕಾಲೇಜೇ ಹೆಚ್ಚು ಖರ್ಚು ಮಾಡಬೇಕಾದ ಸ್ಥಿತಿ ಇದು. ದಾಖಲಾತಿ 250ರಿಂದ 200ಕ್ಕೆ ಇಳಿದರೆ ವರಮಾನ 5,000 ಕಡಿಮೆಯಾಗುತ್ತದೆ. ಆದರೆ ವಾಲಿಬಾಲ್ ಅಂಕಣಕ್ಕೆ ಆರು ಜನರ ಬದಲು ಐದು ಜನರನ್ನು ಇಳಿಸಲು ಬರುವುದಿಲ್ಲ.

ಈ ತೊಂದರೆ ನಮ್ಮ ಜಿಲ್ಲೆಗಷ್ಟೇ ಸೇರಿದ್ದಲ್ಲ. ಹಣಕ್ಕೆ ಬರವಿಲ್ಲ ಎಂದು ನಾವು ತಿಳಿದಿರುವ ಅಮೆರಿಕದಲ್ಲೂ ಸಣ್ಣ ಕಾಲೇಜುಗಳ ಕ್ರೀಡಾ ವಿಭಾಗಗಳು ಉಸಿರು ಬಿಗಿಹಿಡಿದಿವೆ. ಅಲ್ಲಿ 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಒಂದೊಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿಯೇ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಕೊಡಬೇಕಾದ ಸುಮಾರು 280 ಕೋಟಿ ಡಾಲರ್ ಪರಿಹಾರದ ಒಂದು ಭಾಗವನ್ನು ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಮೊದಲ ದರ್ಜೆಯ ಎಲ್ಲ ಕಾಲೇಜುಗಳಿಗೆ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಿಂದ ಬರುವ ಪಾಲಿನಿಂದ ಮುರಿದುಕೊಳ್ಳಲಾಗುತ್ತದೆ, ಫುಟ್‌ಬಾಲ್ ತಂಡವೇ ಇಲ್ಲದ ಸಣ್ಣ ಕಾಲೇಜುಗಳನ್ನೂ ಬಿಡದೆ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ, ತನ್ನ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿ ಆಡಿಬಂದ ಬೆನ್ನಲ್ಲೇ, ಮೊದಲ ದರ್ಜೆ ಬಿಟ್ಟು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ದರ್ಜೆಗೆ ಇಳಿಯುವುದಾಗಿ ಪ್ರಕಟಿಸಿತು. ಅಲ್ಲಿನ ಮೊತ್ತಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ. ಆದರೂ ಹಣ ಬಿಗಿಯಾದಾಗ ಕತ್ತರಿ ಮೊದಲು ಬೀಳುವುದು ಟಿಕೆಟ್ ಮಾರಾಟವಾಗದ ಓಟ, ಈಜು, ಟೆನಿಸ್ ಮೇಲೆ. ನಮ್ಮಲ್ಲೂ ಅಷ್ಟೆ. ಕ್ರಿಕೆಟ್ ಕಿಟ್ಟಿಗೆ ದಾನಿಗಳು ಸಿಗುತ್ತಾರೆ, ಹರ್ಡಲ್ಸ್‌ಗೆ ಸಿಗುವುದಿಲ್ಲ.

ಸಲಕರಣೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಆಡಳಿತ ಮಂಡಳಿಗಳಿಗೂ ಪ್ರಾಂಶುಪಾಲರಿಗೂ ಇದು ತಿಳಿಯದೆ ತಪ್ಪು ಖರೀದಿಗಳಾಗುತ್ತಿವೆ. ಹುಡುಗರ ಗುಂಡು 7.26 ಕೆ.ಜಿ., ಹುಡುಗಿಯರದು 4 ಕೆ.ಜಿ. ಚಕ್ರ 2 ಕೆ.ಜಿ. ಮತ್ತು 1 ಕೆ.ಜಿ. ಭರ್ಜಿ 800 ಗ್ರಾಂ ಮತ್ತು 600 ಗ್ರಾಂ. ಹರ್ಡಲ್ ಎತ್ತರ ಹುಡುಗರ 110 ಮೀಟರ್‌ಗೆ 1.067 ಮೀಟರ್, ಹುಡುಗಿಯರ 100 ಮೀಟರ್‌ಗೆ 0.838, 400 ಮೀಟರ್‌ಗೆ ಕ್ರಮವಾಗಿ 0.914 ಮತ್ತು 0.762. ಒಂದು ಲೇನಿಗೆ ಹತ್ತು ಹರ್ಡಲ್, ಎಂಟು ಲೇನಿಗೆ ಎಂಬತ್ತು. ಯಾವ ಸಣ್ಣ ಕಾಲೇಜು ಎಂಬತ್ತು ಹರ್ಡಲ್ ಕೊಳ್ಳಬಲ್ಲದು? ಎತ್ತರ ಜಿಗಿತಕ್ಕೆ ಬೇಕಾದ ಫೋಮ್ ಹಾಸು ಕನಿಷ್ಠ 5 ಮೀಟರ್ ಉದ್ದ, 3 ಮೀಟರ್ ಅಗಲ, 70 ಸೆಂಟಿಮೀಟರ್ ದಪ್ಪವಾದರೂ ಇರಬೇಕು. ಅದೊಂದೇ ಸಣ್ಣ ಕಾಲೇಜಿನ ಹಲವು ವರ್ಷಗಳ ಕ್ರೀಡಾ ಹಣವನ್ನು ನುಂಗುತ್ತದೆ. ಹಾಗಾಗಿ ಹಾಸಿಲ್ಲದ ಕಡೆ ಹುಡುಗರು ಮರಳಿನ ಮೇಲೆ ಕತ್ತರಿ ಜಿಗಿತವನ್ನೇ ಕಲಿಯುತ್ತಾರೆ. ಬೆನ್ನು ತಿರುಗಿಸಿ ಹಾರುವ ಫಾಸ್ಬರಿ ಶೈಲಿಯನ್ನು ಮರಳಿನ ಮೇಲೆ ಕಲಿಸುವುದು ಕುತ್ತಿಗೆಗೆ ಅಪಾಯ, ಯಾರೂ ಕಲಿಸಲೂಬಾರದು.

ಅಗ್ಗದ ಸಲಕರಣೆಯಿಂದ ಆಗುವ ನಷ್ಟ ಬೇರೆ. ಕಡಿಮೆ ಬೆಲೆಗೆ ಎರಕ ಹೊಯ್ದ ಗುಂಡಿನ ಒಳಗೆ ತೂಕ ಸರಿಹೊಂದಿಸಲು ಸೀಸ ತುಂಬಿ ಬಿರಡೆ ಹಾಕಿರುತ್ತಾರೆ. ಕಾಂಕ್ರೀಟಿನ ಮೇಲೆ ಬಿದ್ದು ಬಿದ್ದು ಬಿರಡೆ ಸಡಿಲವಾಗುತ್ತದೆ, ಸೀಸ ಉದುರುತ್ತದೆ. ಕೂಟದ ದಿನ ತೂಕ ಹಾಕಿದರೆ 7.26ಕ್ಕಿಂತ ಕಡಿಮೆ ಬಂದು ಗುಂಡು ತಿರಸ್ಕೃತ. ವರ್ಷವಿಡೀ ಹಗುರ ಗುಂಡಿನಲ್ಲಿ ಅಭ್ಯಾಸ ಮಾಡಿದ ಹುಡುಗನಿಗೆ ಕೂಟದಲ್ಲಿ ಸರಿತೂಕದ್ದು ಭಾರವೆನಿಸಿ ಎಸೆತ ಕುಗ್ಗುತ್ತದೆ. ಮರದ ಚಕ್ರ ಮಳೆಯಲ್ಲಿ ನೆನೆದರೆ ಉಬ್ಬಿ ಲೋಹದ ಅಂಚಿನಿಂದ ಬಿಡುತ್ತದೆ. ಭರ್ಜಿಯನ್ನು ಕೋಣೆಯ ಮೂಲೆಗೆ ಓರೆಯಾಗಿ ಒರಗಿಸಿಟ್ಟರೆ ಒಂದೇ ಬೇಸಿಗೆಯಲ್ಲಿ ಬಾಗುತ್ತದೆ. ಬಾಗಿದ ಭರ್ಜಿ ಗಾಳಿಯಲ್ಲಿ ನಡುಗುತ್ತದೆ, ಎಸೆಯುವವರ ತಪ್ಪಿಲ್ಲದಿದ್ದರೂ ಹತ್ತಿರವೇ ಬೀಳುತ್ತದೆ. ಎರಡೂವರೆ ಮೀಟರ್ ಮೀರಿದ ಭರ್ಜಿಯನ್ನು ತುಂಬಿದ ಬಸ್ಸಿನಲ್ಲಿ ಒಯ್ಯಲು ಕಂಡಕ್ಟರ್ ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೂ ಹೌದು. ಹೀಗಾಗಿ ತಾಲ್ಲೂಕಿನ ಹುಡುಗರು ತಾವು ಎಂದೂ ಕೈಯಲ್ಲಿ ಹಿಡಿಯದ ಭರ್ಜಿಯನ್ನು ಕೂಟದಲ್ಲಿ ಮೊದಲ ಸಲ ಎಸೆಯಬೇಕಾಗುತ್ತದೆ.

ಮೈದಾನದ ಮಾತಿಗೆ ಬಂದರೆ, ಎಂಟು ಲೇನಿನ 400 ಮೀಟರ್ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ, ಅಂದರೆ ನಾಲ್ಕು ಎಕರೆಗೂ ತುಸು ಹೆಚ್ಚು ಸಮತಟ್ಟು ಜಾಗ ಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಇರುವುದು ಒಂದೆರಡು ಎಕರೆ, ಅದರಲ್ಲೇ 200 ಮೀಟರ್ ಟ್ರ್ಯಾಕ್. ಇದರಿಂದ ನಿರಾಶರಾಗಬೇಕಿಲ್ಲ, ಮಧ್ಯಮ ದೂರದ ಓಟಕ್ಕೆ ಅಷ್ಟು ಸಾಕು. ಉದ್ದಜಿಗಿತದ ಹೊಂಡವನ್ನಾದರೂ ಪ್ರತಿ ಕಾಲೇಜು ಸರಿಯಾಗಿ ಮಾಡಿಕೊಳ್ಳಬಹುದು. 9 ಮೀಟರ್ ಉದ್ದ, 2.75 ಮೀಟರ್ ಅಗಲ, ಅರ್ಧ ಮೀಟರ್ ಆಳಕ್ಕೆ ಸುಮಾರು 12.4 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 440 ಘನ ಅಡಿ ಮರಳು ಹಿಡಿಸುತ್ತದೆ. ಟ್ರ್ಯಾಕ್ಟರ್ ಲೋಡಿಗೆ ನೂರು ಘನ ಅಡಿ ಎಂದರೆ ನಾಲ್ಕೂವರೆ ಲೋಡು. ನದಿ ಮರಳು ಸಿಗುವುದು ಕಷ್ಟವೆಂದು ಎಂ-ಸ್ಯಾಂಡ್ ತುಂಬಿಸುತ್ತಾರೆ. ಕಲ್ಲು ಪುಡಿ ಮಾಡಿದ ಆ ಮರಳಿಗೆ ಚೂಪು ಅಂಚು, ಚರ್ಮ ತರಚುತ್ತದೆ. ಜೊತೆಗೆ ನೀರು ಬಿದ್ದರೆ ಗಟ್ಟಿ ಕೂರುತ್ತದೆ, ಅದರ ಮೇಲೆ ಇಳಿದರೆ ಹಿಮ್ಮಡಿ ಮತ್ತು ಬೆನ್ನುಮೂಳೆಗೆ ಏಟು. ಇಲ್ಲಿ ಉಳಿತಾಯ ಮಾಡಲು ಹೋಗಬಾರದು. ಹೊಂಡದ ತಳಕ್ಕೆ ಜಲ್ಲಿ ಹಾಸಿ ನೀರು ಬಸಿದುಹೋಗುವಂತೆ ಮಾಡಿ, ಮೇಲೆ ದುಂಡು ಕಾಳಿನ ತೊಳೆದ ಮರಳು ತುಂಬಿ, ಪ್ರತಿ ಅಭ್ಯಾಸದ ಮೊದಲು ಗುದ್ದಲಿಯಲ್ಲಿ ಒಂದು ಅಡಿ ಅಗೆದು ಸಡಿಲಿಸಿದರೆ ಹಲವು ವರ್ಷ ಬಾಳುತ್ತದೆ.

ಹಣ ಸೋರಿಹೋಗುವ ಇನ್ನೊಂದು ದೊಡ್ಡ ಜಾಗ ಕೂಟದ ಆತಿಥ್ಯ. ಅಂತರ ಕಾಲೇಜು ಪಂದ್ಯಗಳನ್ನು ಒಂದೊಂದು ವರ್ಷ ಒಂದೊಂದು ಕಾಲೇಜಿಗೆ ವಹಿಸುವ ಪದ್ಧತಿ ಒಳ್ಳೆಯ ಉದ್ದೇಶದ್ದೇ. ಊರಿನವರು ನೋಡುತ್ತಾರೆ, ಮಕ್ಕಳಿಗೆ ಹುರುಪು ಬರುತ್ತದೆ. ಆದರೆ ಅಥ್ಲೆಟಿಕ್ಸ್ ಕೂಟವೆಂದರೆ ಕಬಡ್ಡಿ ಪಂದ್ಯದಂತೆ ಒಂದು ಅಂಕಣದ ಕೆಲಸವಲ್ಲ. ಸ್ಟಾಪ್‌ವಾಚ್‌ನಲ್ಲೇ ಸಮಯ ಹಿಡಿಯುವುದಾದರೆ ಮೊದಲ ಸ್ಥಾನಕ್ಕೇ ಮೂವರು ಸಮಯಪಾಲಕರು ಬೇಕು, ಉಳಿದ ಸ್ಥಾನಗಳಿಗೆ ಒಬ್ಬೊಬ್ಬರು. ಸ್ಟಾರ್ಟರ್, ತಪ್ಪು ಆರಂಭವನ್ನು ವಾಪಸ್ ಕರೆಯುವವರು, ಗುರಿ ಗೆರೆಯ ತೀರ್ಪುಗಾರರು, ಎಸೆತಕ್ಕೂ ಜಿಗಿತಕ್ಕೂ ನಾಲ್ಕೈದು ಜನರ ತಂಡಗಳು, ಸ್ಪರ್ಧಿಗಳನ್ನು ಕರೆದು ಸೇರಿಸುವ ಕಾಲ್ ರೂಮಿನವರು, ದಾಖಲೆ ಬರೆಯುವವರು ಎಲ್ಲ ಸೇರಿ ಐವತ್ತಕ್ಕೆ ಕಡಿಮೆಯಾಗದು. ಇವರಿಗೆ ಗೌರವಧನ, ಎರಡು ದಿನ ಊಟ. ಮೇಲೆ ಶಾಮಿಯಾನ, ಮೈಕ್ ಸೆಟ್, ಆಂಬುಲೆನ್ಸ್, ಪದಕ, ಪ್ರಮಾಣಪತ್ರ, ಸುಣ್ಣದ ಪುಡಿ, ಕುಡಿಯುವ ನೀರಿನ ಟ್ಯಾಂಕರ್. ಅನುದಾನ ಎಷ್ಟೋ ಕಡೆ ಸಿಗುವುದು ಕೂಟ ಮುಗಿದು ವೋಚರ್ ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಅಂಗಡಿಯವರ ಬಾಕಿ ದೈಹಿಕ ಶಿಕ್ಷಣ ನಿರ್ದೇಶಕರ ಹೆಗಲ ಮೇಲೆ. ನಿರ್ದೇಶಕರ ಹುದ್ದೆಯೇ ಖಾಲಿ ಇರುವ ಕಾಲೇಜಿನಲ್ಲಿ ಇತಿಹಾಸವೋ ವಾಣಿಜ್ಯವೋ ಪಾಠ ಮಾಡುವ ಅಧ್ಯಾಪಕರೊಬ್ಬರಿಗೆ ಹೆಚ್ಚುವರಿ ಹೊಣೆ ವಹಿಸಿರುತ್ತಾರೆ. ಅವರು ಕೈಯಿಂದ ಹಣ ಹಾಕಿ ಕೂಟ ಮಾಡಲು ಹಿಂಜರಿದರೆ ದೂರುವುದು ನ್ಯಾಯವಲ್ಲ.

ಇದರ ನಡುವೆ ಹಾರ, ಶಾಲು, ಫಲಕ, ಎತ್ತರದ ಟ್ರೋಫಿ, ಫ್ಲೆಕ್ಸ್‌ಗಳಿಗೆ ಹೋಗುವ ಹಣ ಓಟಗಾರರ ಊಟದ ಹಣವನ್ನು ಮೀರುವುದುಂಟು. ಇದನ್ನು ಸುತ್ತೋಲೆಯಲ್ಲೇ ನಿಲ್ಲಿಸಬಹುದು. ಉದ್ಘಾಟನೆಗೆ ಧ್ವಜಾರೋಹಣ, ಪಥಸಂಚಲನ ಸಾಕು. ಬಹುಮಾನಕ್ಕೆ ಪದಕ, ಪ್ರಮಾಣಪತ್ರ ಸಾಕು.

ಖರೀದಿಯ ಕಾಲವೂ ತಲೆಕೆಳಗಾಗಿದೆ. ಪ್ರವೇಶ ಮುಗಿದು ಶುಲ್ಕ ಖಾತೆಗೆ ಬೀಳುವಷ್ಟರಲ್ಲಿ ಆಗಸ್ಟ್ ಕಳೆಯುತ್ತದೆ. ಅಂತರ ವಿಶ್ವವಿದ್ಯಾಲಯ ಟೂರ್ನಿಗಳ ಮೊದಲು ವಿಶ್ವವಿದ್ಯಾಲಯದ ತಂಡ ಆಯ್ಕೆಯಾಗಬೇಕು, ಆದ್ದರಿಂದ ಕಾಲೇಜು ಮಟ್ಟದ ಕೂಟಗಳು ಪ್ರವೇಶದ ಬೆನ್ನಿಗೇ ಬರುತ್ತವೆ. ಮೂರು ಕೊಟೇಷನ್ ತರಿಸಿ, ತುಲನಾ ಪಟ್ಟಿ ಮಾಡಿ, ಸಮಿತಿಯ ಒಪ್ಪಿಗೆ ಪಡೆದು, ಆದೇಶ ಕೊಟ್ಟು, ಸಾಮಗ್ರಿ ಬರುವಾಗ ಕೂಟವೇ ಮುಗಿದಿರುತ್ತದೆ. ಕೊನೆಗೆ ಮಾರ್ಚ್‌ನಲ್ಲಿ ಹಣ ವಾಪಸ್ ಹೋಗಬಾರದೆಂದು ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಕೇರಂ ಬೋರ್ಡುಗಳ ಮೇಲೆ ಕೇರಂ ಬೋರ್ಡು ಪೇರಿಸಿರುವ, ಆದರೆ ಉಕ್ಕಿನ ಅಳತೆ ಟೇಪು ಇಲ್ಲದ ಕ್ರೀಡಾ ಕೋಣೆಗಳು ಹೀಗೇ ತಯಾರಾಗುವುದು. ಹಿಂದಿನ ವರ್ಷ ಉಳಿದ ಹಣದಲ್ಲೇ ಏಪ್ರಿಲ್‌ನಲ್ಲಿ ಖರೀದಿ ಪ್ರಕ್ರಿಯೆ ಶುರುಮಾಡಿ ಜೂನ್ ಒಳಗೆ ಸಾಮಗ್ರಿ ಪಡೆಯಲು ಅವಕಾಶ ಕೊಟ್ಟರೆ ಇದು ತಾನಾಗಿ ಸರಿಹೋಗುತ್ತದೆ. ಇದಕ್ಕೆ ಹೊಸ ಹಣವೇ ಬೇಕಿಲ್ಲ.

ಹಾಗಾದರೆ ಏನು ಮಾಡಬೇಕು? ಖರ್ಚು ತಂಡದ ಲೆಕ್ಕದಲ್ಲಿ ಬರುವುದಾದರೆ ಹಣವೂ ಸ್ವಲ್ಪ ಮಟ್ಟಿಗೆ ತಂಡದ ಲೆಕ್ಕದಲ್ಲೇ ಹಂಚಿಕೆಯಾಗಬೇಕು. ಇದು ನಮ್ಮ ಮುಖ್ಯ ಬೇಡಿಕೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. 2,500 ವಿದ್ಯಾರ್ಥಿಗಳ ಒಂದು ಕಾಲೇಜು, 250 ವಿದ್ಯಾರ್ಥಿಗಳ ಒಂಬತ್ತು ಕಾಲೇಜು. ಒಟ್ಟು 4,750 ವಿದ್ಯಾರ್ಥಿಗಳು, ತಲೆಗೆ 100ರಂತೆ 4,75,000 ರೂಪಾಯಿ. ಇದರಲ್ಲಿ ನೂರಕ್ಕೆ ಇಪ್ಪತ್ತನ್ನು, ಅಂದರೆ 95,000ವನ್ನು ಪ್ರತ್ಯೇಕ ನಿಧಿಯಾಗಿಟ್ಟು ಹತ್ತೂ ಕಾಲೇಜಿಗೆ ಸಮನಾಗಿ ಹಂಚಿದರೆ ತಲಾ 9,500. ಉಳಿದ ಎಂಬತ್ತು ಪಾಲು ಈಗಿನಂತೆ ತಲೆ ಎಣಿಕೆಯಲ್ಲೇ ಇರಲಿ. ಆಗ ಸಣ್ಣ ಕಾಲೇಜಿಗೆ 20,000 ಮತ್ತು 9,500 ಸೇರಿ 29,500 ರೂಪಾಯಿ. ಎರಡೂ ತಂಡಗಳನ್ನು ಕಳಿಸಲು ಬೇಕಾದ 28,900 ಕೈಗೆ ಬಂತು. ದೊಡ್ಡ ಕಾಲೇಜಿಗೆ ಆಗಲೂ 2,09,500 ಉಳಿಯುತ್ತದೆ, ಅವರ ಯಾವ ತಂಡವೂ ನಿಲ್ಲಬೇಕಿಲ್ಲ. ಸಮಪಾಲು ಸುಮ್ಮನೆ ಹೋಗಬಾರದು. ತಂಡವನ್ನು ನಿಜವಾಗಿ ಕಳಿಸಿದ ಕಾಲೇಜಿಗೆ ಮಾತ್ರ, ಕೂಟದ ಹಾಜರಿ ಪಟ್ಟಿಯನ್ನು ನೋಡಿ ಕೊಡಬೇಕು. ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿ ಒಂದೇ ಜಿಲ್ಲೆಯದಾದ್ದರಿಂದ ಇಂಥ ಹಂಚಿಕೆ ಬೇರೆ ವಿಶ್ವವಿದ್ಯಾಲಯಗಳಿಗಿಂತ ಇಲ್ಲಿ ಸುಲಭ. ಕೋಲಾರದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅಡಿಯ ಶ್ರೀನಿವಾಸಪುರ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಕಾಲೇಜುಗಳಿಗೂ ಈ ಲೆಕ್ಕ ಹಾಗೇ ಹೊಂದುತ್ತದೆ.

ದೊಡ್ಡ ಕಾಲೇಜುಗಳ ಗೆಳೆಯರು ಇದಕ್ಕೆ ಆಕ್ಷೇಪಿಸಬಹುದು: ‘ನಮ್ಮ ಮಕ್ಕಳು ಕೊಟ್ಟ ಶುಲ್ಕ ಬೇರೆಯವರಿಗೆ ಏಕೆ?’ ಪ್ರಶ್ನೆಯಲ್ಲಿ ಅರ್ಥವಿದೆ. ಆದರೆ ಎಂಟು ಲೇನಿನ ಓಟದಲ್ಲಿ ಮೂವರೇ ಓಡುವ ಕೂಟದಿಂದ ಅವರ ಮಕ್ಕಳಿಗೂ ಲಾಭವಿಲ್ಲ. ಪೈಪೋಟಿ ಇಲ್ಲದೆ ಗೆದ್ದವರು ದಕ್ಷಿಣ ವಲಯದ ಟೂರ್ನಿಗೆ ಹೋಗಿ ಮೊದಲ ಸುತ್ತಿನಲ್ಲೇ ಮರಳುತ್ತಾರೆ. ಆ ಪ್ರವಾಸದ ವೆಚ್ಚವೂ ಈಗ ಭಾರ. ರೈಲಿನಲ್ಲಿ ಕ್ರೀಡಾಪಟುಗಳಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಇತರ ಹಲವು ರಿಯಾಯಿತಿಗಳ ಜೊತೆ ನಿಲ್ಲಿಸಲಾಯಿತು.

ಎರಡನೆಯ ಬೇಡಿಕೆ ಹಂಚಿಕೊಂಡು ಬಳಸುವ ಸಲಕರಣೆ ಉಗ್ರಾಣ. ಪ್ರತಿ ಕಾಲೇಜೂ ಒಂದೊಂದು ಭರ್ಜಿ, ಒಂದೊಂದು ಚಕ್ರ ಕೊಂಡು ಮೂಲೆಗಿಡುವುದು ಹಣ ಹಾಳು. ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ, ತಿಪಟೂರು, ಈ ಮೂರು ಕಡೆ ಉಗ್ರಾಣವಿದ್ದರೆ ಹತ್ತೂ ತಾಲ್ಲೂಕುಗಳಿಗೆ ನಿಲುಕುತ್ತದೆ. ಪಾವಗಡಕ್ಕೆ ಮಾತ್ರ ಮಧುಗಿರಿಯೂ ದೂರವೇ, ಎಸೆತದ ಒಂದು ಸಣ್ಣ ಸೆಟ್ ಅಲ್ಲಿಗೆ ಬೇರೆಯೇ ಇರಲಿ. ಒಂದು ಉಗ್ರಾಣಕ್ಕೆ 800 ಮತ್ತು 600 ಗ್ರಾಂ ಭರ್ಜಿ ಆರಾರು, ಎರಡೂ ತೂಕದ ಗುಂಡು ಮತ್ತು ಚಕ್ರ ನಾಲ್ಕು ನಾಲ್ಕು, ಎತ್ತರ ಬದಲಿಸಬಹುದಾದ ಹರ್ಡಲ್ ನಲವತ್ತು, ಸ್ಟಾರ್ಟಿಂಗ್ ಬ್ಲಾಕ್ ಎಂಟು, ಎತ್ತರ ಜಿಗಿತದ ಹಾಸು ಮತ್ತು ಕಂಬ ಒಂದು ಜೊತೆ, 50 ಮತ್ತು 100 ಮೀಟರ್ ಉಕ್ಕಿನ ಟೇಪು, ಗ್ರಾಂವರೆಗೆ ತೋರಿಸುವ ಒಂದು ತಕ್ಕಡಿ, ಇಷ್ಟಿದ್ದರೆ ಸಾಕು. ನಾರಿನ ಟೇಪು ಬೇಡ, ಎಳೆದರೆ ಹಿಗ್ಗುತ್ತದೆ. ಮೂರು ಉಗ್ರಾಣದ ನಲವತ್ತು ನಲವತ್ತು ಹರ್ಡಲ್ ಸೇರಿದರೆ ವಿಶ್ವವಿದ್ಯಾಲಯದ ಕೂಟಕ್ಕೆ ಬೇಕಾದ ಎಂಬತ್ತು ಸಿಕ್ಕಿ ಮಿಕ್ಕಿತು, ಬಾಡಿಗೆಗೆ ತರುವುದು ತಪ್ಪಿತು.

ಇಂಥ ಸಾರ್ವಜನಿಕ ಉಗ್ರಾಣಗಳು ಹಾಳಾಗುವುದು ಎಲ್ಲಿ ಎಂಬುದೂ ಗೊತ್ತಿರುವ ಸಂಗತಿ. ಬೀಗದ ಕೈ ಇದ್ದವರು ವರ್ಗವಾಗುತ್ತಾರೆ, ಕೋಣೆ ವರ್ಷಗಟ್ಟಲೆ ತೆರೆಯುವುದಿಲ್ಲ. ಆದ್ದರಿಂದ ಕೀಲಿ ಒಬ್ಬರ ಹೆಸರಿನಲ್ಲಿರದೆ ಹುದ್ದೆಯ ಹೆಸರಿನಲ್ಲಿರಬೇಕು, ಎರಡನೇ ಕೀಲಿ ಪ್ರಾಂಶುಪಾಲರ ಕಪಾಟಿನಲ್ಲಿ. ಸಾಮಗ್ರಿ ಒಯ್ಯುವ ಕಾಲೇಜು ರಿಜಿಸ್ಟರಿನಲ್ಲಿ ಮುದ್ರೆ ಹಾಕಿ ಸಹಿ ಮಾಡಬೇಕು, ಕೊಡುವಾಗಲೂ ಮರಳಿ ಪಡೆಯುವಾಗಲೂ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮುರಿದದ್ದನ್ನು ತಂದುಕೊಟ್ಟರೆ ದಂಡ ಬೇಡ, ಬಚ್ಚಿಟ್ಟರೆ ದಂಡ ಇರಲಿ. ಇಲ್ಲವಾದರೆ ಹೆದರಿ ಯಾರೂ ಒಯ್ಯುವುದಿಲ್ಲ. ಫೋಮ್ ಹಾಸನ್ನು ನೆಲಕ್ಕೆ ತಾಗಿಸದೆ ಮರದ ಚೌಕಟ್ಟಿನ ಮೇಲೆ, ಕೆಳಗೆ ಹತ್ತು ಸೆಂಟಿಮೀಟರ್ ಗಾಳಿ ಆಡುವಂತೆ ಇಡಬೇಕು. ನೆಲಕ್ಕಿಟ್ಟರೆ ಒಂದು ಮಳೆಗಾಲಕ್ಕೆ ತಳ ಕೊಳೆತು ಇಲಿ ಸೇರುತ್ತದೆ. ಭರ್ಜಿಗಳನ್ನು ನೇರವಾಗಿ ತೂಗುಹಾಕಬೇಕು, ಇಲ್ಲವೆ ಮೂರು ಕಡೆ ಆಧಾರ ಕೊಟ್ಟು ಮಲಗಿಸಬೇಕು. ಮೇ ತಿಂಗಳಲ್ಲಿ ಎಲ್ಲವನ್ನೂ ತೂಗಿ, ತೂಕ ಬಣ್ಣದಲ್ಲಿ ಬರೆದು, ಕಡಿಮೆ ಇರುವುದನ್ನು ಅಭ್ಯಾಸಕ್ಕೂ ಬಳಸದೆ ತೆಗೆದುಹಾಕಬೇಕು.

ಅಥ್ಲೆಟಿಕ್ಸ್ ಕೂಟವನ್ನು ಸಣ್ಣ ಕಾಲೇಜುಗಳ ಹೆಗಲಿಗೆ ಹಾಕದೆ ಪ್ರತಿ ವರ್ಷ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲೇ ನಡೆಸುವುದು ಮೇಲು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನವೀಕರಣಗೊಂಡ ಆ ಕ್ರೀಡಾಂಗಣ ಕಾಲೇಜು ಮಕ್ಕಳಿಗೆ ಬಾಡಿಗೆ ಇಲ್ಲದೆ ಸಿಗುವಂತೆ ಜಿಲ್ಲಾಡಳಿತ ಆದೇಶ ಮಾಡಬೇಕು. ಕೂಟದ ಎರಡು ದಿನ ಮಾತ್ರವಲ್ಲ, ಅದಕ್ಕೆ ಮೊದಲಿನ ತಿಂಗಳಲ್ಲಿ ನಾಲ್ಕು ಭಾನುವಾರ ಕೂಡ. ಕಾರಣವಿದೆ. ಮಣ್ಣಿನ ಟ್ರ್ಯಾಕಿನಲ್ಲಿ 12 ಮಿಲಿಮೀಟರ್ ಮೊಳೆಯ ಸ್ಪೈಕ್ಸ್ ಹಾಕಿ ಓಡಿದವರು ಆ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿಗೆ 6 ಮಿಲಿಮೀಟರ್ ಮೊಳೆ ಬದಲಿಸಿಕೊಂಡು ಬರಬೇಕು, ಅಲ್ಲಿ ಓಟಕ್ಕೆ 9 ಮಿಲಿಮೀಟರ್ ಮೀರುವಂತಿಲ್ಲ. ಹಿಡಿತ, ಪುಟಿತ ಎರಡೂ ಬೇರೆ. ಅಭ್ಯಾಸವಿಲ್ಲದೆ ನೇರ ಕೂಟದ ದಿನ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಮುಂಗಾಲೆಲುಬು ನೋಯುತ್ತದೆ. ಒಂದೇ ಶೂಗೆ ಎರಡು ಅಳತೆಯ ಮೊಳೆ ಸೆಟ್ ಮತ್ತು ಒಂದು ಕೀಲಿ ಇಟ್ಟುಕೊಂಡರೆ ಎರಡು ಶೂ ಕೊಳ್ಳುವುದು ತಪ್ಪುತ್ತದೆ. ಮೊಳೆ ತಿರುಪಿಗೆ ಚೂರು ವ್ಯಾಸಲೀನ್ ಸವರಬೇಕು, ಇಲ್ಲದಿದ್ದರೆ ತುಕ್ಕು ಹಿಡಿದು ಶೂನಲ್ಲೇ ಕಚ್ಚಿಕೊಳ್ಳುತ್ತದೆ. 4x100 ರಿಲೇಯ ಬ್ಯಾಟನ್ ಬದಲಿಸುವ ವಲಯ ಈಗ 30 ಮೀಟರ್. ಕೆಲವು ಮಣ್ಣಿನ ಮೈದಾನಗಳಲ್ಲಿ ಇಂದಿಗೂ ಹಳೆಯ 20 ಮೀಟರ್ ಗುರುತನ್ನೇ ಹಾಕುತ್ತಾರೆ, ಅಲ್ಲಿ ಕಲಿತ ತಂಡ ದೊಡ್ಡ ಕೂಟದಲ್ಲಿ ಹತ್ತು ಮೀಟರ್ ಬಿಟ್ಟುಕೊಡುತ್ತದೆ.

ಇತರ ಪಂದ್ಯಗಳ ಆತಿಥ್ಯ ಸಣ್ಣ ಕಾಲೇಜಿಗೆ ಹೋಗುವುದಾದರೆ ಒಪ್ಪಿದ ಅನುದಾನದ ಮುಕ್ಕಾಲು ಪಾಲು ಎರಡು ವಾರ ಮೊದಲೇ ಮುಂಗಡವಾಗಿ ಖಾತೆಗೆ ಬರಬೇಕು. ಉಳಿದ ಕಾಲು ಭಾಗ ವೋಚರ್ ಸಲ್ಲಿಸಿದ ಮೂವತ್ತು ದಿನಗಳಲ್ಲಿ.

ಕೈಗಾರಿಕೆಗಳ ಸಾಮಾಜಿಕ ಹೊಣೆಗಾರಿಕೆ ಹಣದ ಬಗ್ಗೆ ಕಾಲೇಜುಗಳಲ್ಲಿ ಬಹಳ ಗೊಂದಲವಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಸೇರಿದೆ, ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು 135ನೇ ಕಲಂನಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ, ಪಾವಗಡದಲ್ಲಿ ಸೋಲಾರ್ ಪಾರ್ಕ್ ಇದೆ. ಮನವಿ ಬರೆಯುವಾಗ ‘ಕ್ರೀಡೆಗೆ ಧನಸಹಾಯ ಮಾಡಿ’ ಎಂದು ಬರೆದರೆ ಕಡತ ಅಲ್ಲೇ ಉಳಿಯುತ್ತದೆ. ನಗದು ಪಡೆಯಲು ನೋಂದಾಯಿತ ಸಂಸ್ಥೆ, ಅದರ ಲೆಕ್ಕಪತ್ರ ಎಲ್ಲ ಬೇಕು. ಅದರ ಬದಲು ಮೇಲೆ ಹೇಳಿದ ಉಗ್ರಾಣದ ಪಟ್ಟಿಯನ್ನು ಅಳತೆ, ತೂಕ, ಸಂಖ್ಯೆ ಸಮೇತ ಲಗತ್ತಿಸಿ, ಕಂಪನಿಯೇ ನೇರವಾಗಿ ಕೊಂಡು ಸಾಮಗ್ರಿ ರೂಪದಲ್ಲಿ ಕೊಡಲಿ ಎಂದು, ಎಷ್ಟು ಕಾಲೇಜಿನ ಎಷ್ಟು ಮಕ್ಕಳು ಯಾವ ತರಬೇತಿಗೆ ಬಳಸುತ್ತಾರೆ ಎಂಬುದನ್ನೂ ಬರೆದು ಕೇಳಬೇಕು. ಒಂದೊಂದು ಕಾಲೇಜು ಬೇರೆ ಬೇರೆಯಾಗಿ ಕೇಳುವುದಕ್ಕಿಂತ ತಾಲ್ಲೂಕಿನ ಎಲ್ಲ ಕಾಲೇಜುಗಳ ಪ್ರಾಂಶುಪಾಲರು ಒಟ್ಟಾಗಿ ಸಹಿ ಹಾಕಿದ ಪತ್ರಕ್ಕೆ ಬೆಲೆ ಹೆಚ್ಚು.

ಊಟದ ಬಗ್ಗೆ ಒಂದು ಮಾತು. 60 ಕೆ.ಜಿ. ತೂಕದ ಅಥ್ಲೀಟ್‌ಗೆ ದಿನಕ್ಕೆ 70ರಿಂದ 95 ಗ್ರಾಂ ಪ್ರೋಟೀನ್ ಬೇಕು. ಹಾಸ್ಟೆಲ್ ಮುದ್ದೆ, ಅನ್ನ, ಸಾರಿನಲ್ಲಿ ಅಷ್ಟು ದೊರೆಯುವುದು ಕಷ್ಟ. ಎರಡು ಮೊಟ್ಟೆ, ಕಾಲು ಲೀಟರ್ ಹಾಲು, 50 ಗ್ರಾಂ ಕಡಲೆಕಾಯಿ ಬೀಜ ಸೇರಿದರೆ 30 ಗ್ರಾಂಗೂ ಹೆಚ್ಚು ಸಿಗುತ್ತದೆ. ಪಾವಗಡ, ಶಿರಾ, ಮಧುಗಿರಿಯಲ್ಲಿ ಕಡಲೆಕಾಯಿ ಮನೆಯ ಬೆಳೆ. ಡಬ್ಬಿಯ ಪ್ರೋಟೀನ್ ಪುಡಿಗೆ ಯಾರೂ ಹಣ ಸುರಿಯಬೇಕಿಲ್ಲ. ಕೂಟಕ್ಕೆ ಮೊದಲಿನ ಎರಡು ತಿಂಗಳು ಆಯ್ದ ಹತ್ತು ಹದಿನೈದು ಮಕ್ಕಳಿಗೆ ಇಷ್ಟನ್ನು ಕ್ರೀಡಾ ಖಾತೆಯಿಂದ ಕೊಡಲು ಅನುಮತಿ ಬೇಕು. ಈಗ ಆ ತಲೆಬರಹದಲ್ಲಿ ಖರ್ಚು ತೋರಿಸಿದರೆ ಆಡಿಟ್ ಆಕ್ಷೇಪಣೆ ಬರುತ್ತದೆಂದು ಪ್ರಾಂಶುಪಾಲರು ಹಿಂಜರಿಯುತ್ತಾರೆ. ಲಿಗಮೆಂಟ್ ಹರಿದವರ ಎಂಆರ್‌ಐ, ಫಿಸಿಯೊಥೆರಪಿಗೂ ಅದೇ ಗತಿ, ಆ ಖರ್ಚನ್ನು ಮನೆಯವರೇ ಭರಿಸುತ್ತಾರೆ. ಗುಂಪು ಅಪಘಾತ ವಿಮೆಯನ್ನು ವಿಶ್ವವಿದ್ಯಾಲಯ ಮಟ್ಟದಲ್ಲೇ ಎಲ್ಲ ನೋಂದಾಯಿತ ಕ್ರೀಡಾಪಟುಗಳಿಗೆ ಒಟ್ಟಿಗೆ ಮಾಡಿಸಿದರೆ ಕಂತು ಕಡಿಮೆ ಬೀಳುತ್ತದೆ.

ಈ ಎಲ್ಲ ಆಗುವವರೆಗೆ ಸಣ್ಣ ಕಾಲೇಜುಗಳು ತಂಡವನ್ನೇ ಕೈಬಿಡುವುದು ಬೇಡ ಎಂದು ಸಹೋದ್ಯೋಗಿಗಳಲ್ಲಿ ನಮ್ಮ ಕೋರಿಕೆ. ಎಲ್ಲ ಸ್ಪರ್ಧೆಗೂ ಹೆಸರು ಕೊಟ್ಟು ಚೆದುರಿಹೋಗುವ ಬದಲು 800 ಮತ್ತು 1,500 ಮೀಟರ್ ಓಟ, ಕ್ರಾಸ್ ಕಂಟ್ರಿ, ಉದ್ದಜಿಗಿತ, ತ್ರಿವಿಧ ಜಿಗಿತ, ಇಷ್ಟಕ್ಕೆ ಗಮನ ಕೊಡಬಹುದು. ಇವಕ್ಕೆ ಬೇಕಾದದ್ದು ಒಂದು ಸ್ಟಾಪ್‌ವಾಚ್, ಒಂದು ಟೇಪು, ಒಂದು ಹೊಂಡ, ನಾಲ್ಕಾರು ಜೊತೆ ಸ್ಪೈಕ್ಸ್. ಆರು ಜನರ ತಂಡ ಕಳಿಸಿದರೂ ಅದು ತಂಡವೇ. ಒಂದು ವರ್ಷ ಕಳಿಸದೆ ಬಿಟ್ಟರೆ ಮರುವರ್ಷ ಕಿರಿಯರಿಗೆ ದಾರಿ ತೋರುವ ಹಿರಿಯರೇ ಇರುವುದಿಲ್ಲ. ಆಮೇಲೆ ಮತ್ತೆ ಕಟ್ಟಲು ಮೂರು ವರ್ಷ, ಅಂದರೆ ಒಂದು ಪದವಿಯ ಪೂರ್ತಿ ಅವಧಿ ಬೇಕು.

ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ, ಕಾಲೇಜು ಶಿಕ್ಷಣ ಇಲಾಖೆ, ಜಿಲ್ಲಾ ಕ್ರೀಡಾ ಇಲಾಖೆ ಒಂದೇ ಮೇಜಿನಲ್ಲಿ ಕೂತು ಶುಲ್ಕದ ಇಪ್ಪತ್ತು ಪಾಲಿನ ನಿಧಿ ಮತ್ತು ಮೂರು ಉಗ್ರಾಣಗಳ ಬಗ್ಗೆ ಮುಂದಿನ ಪ್ರವೇಶ ಆರಂಭವಾಗುವ ಮೊದಲೇ ಸುತ್ತೋಲೆ ಹೊರಡಿಸಬೇಕು. ವರ್ಷಕ್ಕೊಮ್ಮೆ ಸಂಗ್ರಹವಾದ ಕ್ರೀಡಾ ಶುಲ್ಕ ಎಷ್ಟು, ಯಾವ ಕಾಲೇಜಿಗೆ ಎಷ್ಟು ಮರಳಿತು ಎಂಬ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಸಲಕರಣೆ ಪಟ್ಟಿ, ರಿಜಿಸ್ಟರಿನ ನಮೂನೆ, ಕಂಪನಿಗಳಿಗೆ ಬರೆಯುವ ಮನವಿಯ ಕರಡು, ಇವನ್ನು ಯಾವ ಕಾಲೇಜು ಕೇಳಿದರೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

— ತುಮಕೂರು ಜಿಲ್ಲೆಯ ಪದವಿ ಕಾಲೇಜುಗಳ ಕೆಲವು ದೈಹಿಕ ಶಿಕ್ಷಣ ಬೋಧಕರು